ಕೈಬಿಟ್ಟೀತೋ, ಕೈಬಿಡುತ್ತದೆಯೋ: ಫೆಡೋರಾದ 32-ಬಿಟ್ ಪ್ರಸ್ತಾವನೆಯ ಒಂದು ಮರುಓದು

ಲಿನಕ್ಸ್ ವಿತರಣೆ ಫೆಡೋರಾದ ಜೂನ್ 2025ರ ಪ್ರಕರಣವನ್ನು ‘ಬಳಕೆದಾರರ ಕೂಗಿಗೆ ಮಣಿದ ಯೋಜನೆ’ ಎಂದು ದಾಖಲಿಸುವುದು ರೂಢಿಯಾಗಿಬಿಟ್ಟಿದೆ. ಫೆಡೋರಾ 44ರಿಂದ 32-ಬಿಟ್ (ಐ686) ಪ್ಯಾಕೇಜುಗಳನ್ನು ತೆಗೆಯುವ ನಿರ್ಧಾರವಾಯಿತು, ಆ ಪ್ಯಾಕೇಜುಗಳನ್ನು ನೆಚ್ಚಿಕೊಂಡ ಸ್ಟೀಮ್ ಎಂಬ ಆಟಗಳ ವೇದಿಕೆಯ ಆಟಗಾರರು ಸಿಡಿದೆದ್ದರು, ನಿರ್ಧಾರ ವಾಪಸಾಯಿತು ಎಂಬುದು ಕಥೆ. ಇದರಲ್ಲಿ ಕೂಗು ನಿಜ, ವಾಪಸಾತಿಯೂ ನಿಜ. ನಿರ್ಧಾರವೊಂದೇ ಎಲ್ಲೂ ಇರಲಿಲ್ಲ.

ಫೆಡೋರಾದ ಬದಲಾವಣೆ ಪ್ರಸ್ತಾವನೆಗಳ ನೆತ್ತಿಯ ಮೇಲೆ ಒಂದು ಒಕ್ಕಣೆಯಿರುತ್ತದೆ: ಇದನ್ನು ಪ್ರಕಟಿಸಿರುವುದು ಸಮುದಾಯದ ಅಭಿಪ್ರಾಯ ಪಡೆಯಲು, ತಾಂತ್ರಿಕ ಸಮಿತಿ ಫೆಸ್ಕೋ ಒಪ್ಪಿದರಷ್ಟೇ ಜಾರಿ. ಇದು ಕಾಟಾಚಾರದ ಮಾತು, ಯಾರೂ ಓದುವುದಿಲ್ಲ ಎಂದು ತಳ್ಳಿಹಾಕುವವರಿದ್ದಾರೆ. (ಶಾಸನದ ಮೊದಲ ಸಾಲನ್ನು ಬಿಟ್ಟು ಕಾಲನಿರ್ಣಯಕ್ಕೆ ಕೂತವರನ್ನು ನಾವು ಸಂಶೋಧಕರೆಂದು ಕರೆಯುವುದಿಲ್ಲ.) ಆದರೂ ಆಕ್ಷೇಪದಲ್ಲಿ ಅರ್ಧ ಹುರುಳಿದೆ. ದೋಷ ಓದುಗರದಷ್ಟೇ ಅಲ್ಲ, ನಮೂನೆಯದೂ ಹೌದು. ಆ ನಮೂನೆಯಲ್ಲಿ ಬಳಕೆದಾರರ ಅನುಭವ ಹೇಗಿರುತ್ತದೆ, ಪರೀಕ್ಷಿಸುವುದು ಹೇಗೆ ಎಂಬ ವಿಭಾಗಗಳಿವೆ. ಬಿಡುಗಡೆ ಟಿಪ್ಪಣಿಗೂ ಒಂದು ವಿಭಾಗವಿದೆ. ಇನ್ನೂ ಒಪ್ಪಿಗೆಯಾಗದ ಮದುವೆಗೆ ಲಗ್ನಪತ್ರಿಕೆ ಬರೆಸಿದಂತೆ! ಕನ್ನಡ ವ್ಯಾಕರಣದ ಸಂಭಾವನಾರ್ಥಕಕ್ಕೆ ಅಲ್ಲಿ ಜಾಗವೇ ಇಲ್ಲ. ‘ಕೈಬಿಟ್ಟೀತು’ ಎಂದು ಓದಬೇಕಾದ ಕಡೆ ಅಕ್ಷರದಲ್ಲಿರುವುದು ‘ಕೈಬಿಡುತ್ತದೆ’. ಶೀರ್ಷಿಕೆ ಬರೆಯುವವರು ಎತ್ತಿಕೊಂಡದ್ದು ಇದನ್ನೇ. ಅದೇ ನಮೂನೆಯಲ್ಲಿ ‘ಆಗದಿದ್ದರೆ ಏನು’ ಎಂಬ ಪರ್ಯಾಯ ಯೋಜನೆಯ ವಿಭಾಗವೂ ಇದೆಯೆಂಬುದನ್ನು ಅವರು ಗಮನಿಸಲಿಲ್ಲ.

ಕರಡನ್ನು ನಿರ್ಧಾರವೆಂದು ಓದುವ ಈ ತಪ್ಪು ಸಾಮಾಜಿಕ ಜಾಲತಾಣಗಳ ಕೂಸು ಎಂಬ ವಾದವನ್ನಂತೂ ನಾನು ಒಪ್ಪಲಾರೆ. ಅಂತರಜಾಲದ ತಾಂತ್ರಿಕ ಟಿಪ್ಪಣಿಗಳ ಸರಣಿಯಾದ ಆರ್‌ಎಫ್‌ಸಿಗಳನ್ನೇ (‘ಅಭಿಪ್ರಾಯಕ್ಕಾಗಿ ಕೋರಿಕೆ’) ನೋಡಿ. ಆರ್‌ಎಫ್‌ಸಿ 1ರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಎರಡು ದಿನಗಳ ನಂತರದ ಆರ್‌ಎಫ್‌ಸಿ 3ನ್ನು ತೆರೆದು ನೋಡುವವರು ಕಡಿಮೆ. 1969ರ ಏಪ್ರಿಲ್‌ನಲ್ಲಿ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕ್ರಾಕರ್ ಅದರಲ್ಲಿ ಹಾಕಿಕೊಟ್ಟ ನಿಯಮಗಳು ಸಡಿಲವಾಗಿದ್ದವು: ಟಿಪ್ಪಣಿ ಒಂದೇ ವಾಕ್ಯದ್ದಾದರೂ ಸಾಕು, ನಯಗಾರಿಕೆಗಿಂತ ಸಕಾಲಿಕತೆ ಮುಖ್ಯ. ಕಾರಣವನ್ನೂ ಅವರು ಕೊಡುತ್ತಾರೆ. ಬರವಣಿಗೆಗೆ ಇಳಿದದ್ದೆಲ್ಲ ತನ್ನಿಂತಾನೇ ಅಧಿಕೃತವೆಂದು ಕಾಣುವ ಚಾಳಿಯನ್ನು ಮುರಿಯಬೇಕಿತ್ತು. ಅಂದರೆ ರೋಗದ ವಿವರ ಜಾಲವೇ ಇನ್ನೂ ಹುಟ್ಟದ ದಿನಗಳದ್ದು. ಮದ್ದು ನಾಟಲಿಲ್ಲ ಎನ್ನುವುದಕ್ಕೂ ದಾಖಲೆಯಿದೆ: ‘ಎಲ್ಲ ಆರ್‌ಎಫ್‌ಸಿಗಳೂ ಮಾನಕಗಳಲ್ಲ’ ಎಂದು ಸಾರಲೆಂದೇ 1995ರಲ್ಲಿ ಆರ್‌ಎಫ್‌ಸಿ 1796 ಹೊರಬಂತು. ಅದರ ಮೂವರು ಲೇಖಕರಲ್ಲಿ ಕ್ರಾಕರ್ ಕೂಡ ಒಬ್ಬರು.

ಇನ್ನು ‘ಮಣಿದರು’ ಎಂಬ ಪದ. ಪ್ರಸ್ತಾವನೆ ಜಾರಿಯಾದರೆ ನಮ್ಮ ಯೋಜನೆಯನ್ನೇ ಮುಚ್ಚಬೇಕಾದೀತು ಎಂದು ಫೆಡೋರಾವನ್ನು ಆಧರಿಸಿ ಆಟಗಳಿಗೆಂದೇ ರೂಪುಗೊಂಡ ಬಜೈಟ್‌ನ ಸ್ಥಾಪಕರು ಎಚ್ಚರಿಸಿದ್ದರು. ಇದನ್ನು ಬಂಡಾಯವೆಂದು ಎಣಿಸಿದವರಿದ್ದಾರೆ. ನನ್ನ ಓದಿನಲ್ಲಿ, ಒಕ್ಕಣೆ ಕೇಳಿದ್ದನ್ನೇ ಅವರು ಕೊಟ್ಟರು: ಜಾರಿಯಾದರೆ ಏನಾದೀತು ಎಂಬುದರ ಸ್ಪಷ್ಟ ಲೆಕ್ಕ. ಲೆಕ್ಕ ಹಾಕಲು ಸಮಯವೂ ಇತ್ತು: ಪ್ರಸ್ತಾವನೆ ಗುರಿಯಿಟ್ಟ 44 ಇರಲಿ, ಫೆಡೋರಾ 43 ಕೂಡ ಆಗಿನ್ನೂ ಹೊರಬಂದಿರಲಿಲ್ಲ. ಅಭಿಪ್ರಾಯ ಕೇಳಿದರು, ಅಭಿಪ್ರಾಯ ಬಂತು, ಬರೆದವರೇ ಕರಡನ್ನು ಹಿಂತೆಗೆದುಕೊಂಡರು.