ಹಿಂತಿರುಗಿ ನೋಡುವ ಸಿಂಹ



ಈ ವಾರಾಂತ್ಯ ಅಲ್ ಖೌದ್‌ನಿಂದ ಊರಿಗೆ ಫೋನ್ ಮಾಡಿ, "ಅಜ್ಜಿ, ನಿಮ್ಮ ಮದುವೆಯ ಕಥೆ ಹೇಳಿ" ಎಂದು ಕೇಳಿ ನೋಡಿ. ಅಜ್ಜಿ ಮೊದಲಿನಿಂದ ಶುರು ಮಾಡುವುದು ಅಪರೂಪ. ಗೋಡೆಯ ಮೇಲಿನ ಫೋಟೋದಿಂದ ಹಿಂದಕ್ಕೆ ಹೋಗಿ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಿ, ಕೊನೆಗೆ ಇವತ್ತಿಗೇ ಮರಳುತ್ತಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಕವಿಯೊಬ್ಬ ಮಹಾಭಾರತವನ್ನು ಹೀಗೆಯೇ ಹೇಳಿದ.

ಅವನು ರನ್ನ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ, 949ರಲ್ಲಿ ಹುಟ್ಟಿದವನು. ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗ ಅವನ ಆಶ್ರಯದಾತ. ಅವನ 'ಸಾಹಸಭೀಮವಿಜಯ'ವನ್ನು ನಾವು 'ಗದಾಯುದ್ಧ' ಎಂದೇ ಕರೆಯುತ್ತೇವೆ.

ಪಂಪ 941ರಲ್ಲಿ ಭಾರತದ ಕಥೆಯನ್ನು ಮೊದಲಿನಿಂದ ಹೇಳಿದ್ದ. ರನ್ನ ಯುದ್ಧ ಮುಗಿಯುವ ಹೊತ್ತಿಗೆ ಕಥೆ ತೆರೆಯುತ್ತಾನೆ. ಹಿಂದೆ ನಡೆದದ್ದೆಲ್ಲ ಪಾತ್ರಗಳ ನೆನಪಿನಲ್ಲಿ, ಮಾತಿನಲ್ಲಿ ಬರುತ್ತದೆ. ಸಿಂಹ ನಡೆಯುತ್ತಲೇ ಕತ್ತು ತಿರುಗಿಸಿ ತಾನು ಬಂದ ದಾರಿಯನ್ನು ನೋಡುತ್ತದಂತೆ. ಅದಕ್ಕೇ ಈ ಕ್ರಮಕ್ಕೆ 'ಸಿಂಹಾವಲೋಕನ' ಎಂದು ಹೆಸರು.

ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ ಬಿದ್ದಿದ್ದಾನೆ. ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿದು, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣಕುಮಾರನ ಹೆಣ. ಮಗ ತಂದೆಗೆ ತರ್ಪಣ ಕೊಡಬೇಕು, ಇಲ್ಲಿ ತಂದೆ ಮಗನಿಗೆ ಕೊಡಬೇಕಾಯಿತಲ್ಲ ಎಂದು ಅಳುತ್ತಾನೆ. ಆಮೇಲೆ ತಮ್ಮ ದುಶ್ಶಾಸನ, ಗೆಳೆಯ ಕರ್ಣ.

ಯುದ್ಧವನ್ನು ಮೊದಲಿನಿಂದ ಹೇಳಿದರೆ, ಮುಂದೆ ಯಾರು ಗೆಲ್ಲುತ್ತಾರೆ ಎಂದು ಕಾಯುತ್ತೇವೆ. ಕೊನೆಯಿಂದ ಹೇಳಿದರೆ, ಯಾರ್ಯಾರು ಇಲ್ಲವಾದರು ಎಂದು ಎಣಿಸುತ್ತೇವೆ. ಗೆಲ್ಲುವವನು ಭೀಮನೆಂದು ಹೆಸರೇ ಹೇಳುವ ಕಾವ್ಯದಲ್ಲಿ ಓದುಗರ ಕಣ್ಣು ದುರ್ಯೋಧನನಿಗಾಗಿ ತೇವವಾಗುವುದು ಇದರಿಂದಲೇ.

ಕಥೆ ಒಂದು ಸುತ್ತನ್ನೂ ಪೂರೈಸುತ್ತದೆ. ಆರಂಭದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ, ಭೀಮನ ಪ್ರತಿಜ್ಞೆ. ಕೊನೆಯಲ್ಲಿ ಆ ಪ್ರತಿಜ್ಞೆ ಈಡೇರುತ್ತದೆ.

ಯುದ್ಧ ರನ್ನನ ಕಾಲಕ್ಕೂ ದೂರದ ಮಾತಾಗಿರಲಿಲ್ಲ. ಸತ್ಯಾಶ್ರಯನ ನಾಡಿನ ಮೇಲೆ ಚೋಳರ ಸೈನ್ಯ ನುಗ್ಗಿ ಹಾಳುಗೆಡವಿದ್ದನ್ನು 1007ರ ಹೊಟ್ಟೂರು ಶಾಸನ ಹೇಳುತ್ತದೆ.

1979ರಲ್ಲಿ ಎಸ್. ಎಲ್. ಭೈರಪ್ಪನವರ 'ಪರ್ವ' ಕಾದಂಬರಿ ಬಂತು. ಅಲ್ಲಿಯೂ ಕಥೆ ಯುದ್ಧದ ಸಿದ್ಧತೆಯಿಂದ ಆರಂಭವಾಗುತ್ತದೆ. ಕುಂತಿ, ದ್ರೌಪದಿ, ಭೀಮ ತಮ್ಮ ತಮ್ಮ ನೆನಪುಗಳಲ್ಲಿ ಹಿಂದಕ್ಕೆ ಹೋಗುತ್ತಾರೆ. ಹಳೆಯ ದಾರಿ ಇನ್ನೂ ಸವೆದಿಲ್ಲ.

ಪೋಷಕರೇ, ನಿಮ್ಮಲ್ಲಿ ಕೆಲವರು 'ದುರ್ಯೋಧನ ವಿಲಾಪ'ವನ್ನು ಪಿಯುಸಿಯಲ್ಲಿ ಓದಿರಬಹುದು. ಇಂದು ಊಟದ ಹೊತ್ತಿಗೆ ಆ ಕಥೆಯನ್ನು ಮಕ್ಕಳಿಗೆ ಹೇಳಿ. ಮಕ್ಕಳೇ, ಕೇಳಿದ ಮೇಲೆ ಒಂದು ಪ್ರಶ್ನೆ: ಆ ರಣರಂಗದಲ್ಲಿ ನಿಜವಾಗಿ ಗೆದ್ದವರು ಯಾರು?