ಬಿಷಪ್ಪರ ಪ್ರಾಂತ, ಭಾಷೆಯ ಗಡಿ: ರಾಯದುರ್ಗ–ಮಡಕಶಿರಾ ಸೀಮೆಯ ಸಭಾಪಾಲಕತ್ವದ ಹಿನ್ನೆಲೆ

ರಾಯದುರ್ಗ, ಮಡಕಶಿರಾ ಎಂಬ ಎರಡು ಹೆಸರುಗಳನ್ನು ಗಡಿನಾಡ ಕನ್ನಡದ ಚರ್ಚೆಯಲ್ಲಿ ಒಟ್ಟಿಗೆ ಹೇಳುವುದು ರೂಢಿಯಾಗಿದೆ. ಆದರೆ ಆಡಳಿತದ ಇತಿಹಾಸದಲ್ಲಿ ಇವು ಒಂದೇ ದಾರಿಯಲ್ಲಿ ಬಂದವಲ್ಲ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದೋನಿ, ಆಲೂರುಗಳೊಡನೆ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರಕ್ಕೆ ಬಂದಿತು. ಈ ಎಪ್ಪತ್ತೊಂದು ವರ್ಷಗಳ ಅಂತರವನ್ನು ಮರೆತರೆ ಈ ಸೀಮೆಯ ಕ್ರೈಸ್ತ ಸಭೆಯ ಆಡಳಿತ ಹೇಗೆ ಬೆಳೆಯಿತೆಂಬುದು ಅರ್ಥವಾಗುವುದಿಲ್ಲ.

ಪ್ರಾಟೆಸ್ಟಂಟ್ ಸಭೆ ಇಲ್ಲಿಗೆ ಬಂದದ್ದು ಬಿಷಪ್ಪರ ಮೂಲಕವಲ್ಲ. 1800ರಲ್ಲಿ ನಿಜಾಮನಿಂದ ಕಂಪನಿಗೆ ದತ್ತವಾದ ಜಿಲ್ಲೆಗಳಲ್ಲಿ ಮೊದಲು ಕಾಲಿಟ್ಟದ್ದು ಲಂಡನ್ ಮಿಷನರಿ ಸೊಸೈಟಿ. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆ ಹೂಡಿದರು. 1816ರಲ್ಲಿ ವಿಲಿಯಂ ರೀವ್ ಅವರನ್ನು ಕೂಡಿಕೊಂಡರು. ಈ ಇಬ್ಬರ ಕೆಲಸ ಮೊದಲಿನಿಂದಲೂ ಕನ್ನಡದ ಕೆಲಸವಾಗಿತ್ತು. ಹ್ಯಾಂಡ್ಸರ ಮುಂದಾಳುತನದಲ್ಲಿ 1830ರ ದಶಕದ ಆರಂಭದ ಹೊತ್ತಿಗೆ ಬೈಬಲ್ ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಪ್ರಕಟಿಸಿದರು. ಆ ಬೈಬಲ್ಲಿನ ಭಾಷೆ ಬಳ್ಳಾರಿಯ ಸುತ್ತಿನ ನೆಲದಲ್ಲಿ ಕಲಿತದ್ದು, ಎಂದರೆ ರಾಯದುರ್ಗದ ನೆರೆಯ ಮಾತಿಗೆ ದೂರವಾದುದಲ್ಲ ಎಂಬುದನ್ನು ನೆನಪಿಡಬೇಕು.

ಲಂಡನ್ ಸೊಸೈಟಿಯ ಮೂಲತತ್ತ್ವ ಯಾವ ಒಂದು ಸಭಾಪದ್ಧತಿಯನ್ನೂ ಹೇರಬಾರದೆಂಬುದು. ಅದರೊಳಗೆ ಬಲವಾಗಿದ್ದ ಕಾಂಗ್ರೆಗೇಷನಲ್ ಸಂಪ್ರದಾಯದಲ್ಲಿ ಪ್ರತಿ ಸಭೆಯೂ ತನ್ನ ಪಾಲಕನನ್ನು ತಾನೇ ಕರೆದುಕೊಳ್ಳುತ್ತದೆ, ಮೇಲೆ ಬಿಷಪ್ಪನಿಲ್ಲ. ತತ್ತ್ವ ಹೀಗಿದ್ದರೂ ಆಚರಣೆ ಬೇರೆಯಾಗಿತ್ತು. ಸಂಬಳ ಕೊಡುವವನು, ಸ್ಥಳ ನಿಶ್ಚಯಿಸುವವನು ಮಿಷನರಿಯೇ ಆಗಿದ್ದಾಗ ಆತ ಹೆಸರಿಲ್ಲದ ಬಿಷಪ್ಪನೇ ಸರಿ. ದೇಶೀಯ ಪಾಲಕರಲ್ಲಿ ಮೊದಲಿಗರಾದ ಸ್ಯಾಮ್ಯುಯೆಲ್ ಫ್ಲಾವೆಲ್ ತಮಿಳರು. 1822ರಲ್ಲಿ ಬೆಂಗಳೂರಿನಲ್ಲಿ ಅಭಿಷಿಕ್ತರಾಗಿ, ಬಳಿಕ ಬಳ್ಳಾರಿಯ ತಮಿಳು ಸಭೆಯನ್ನು ನೋಡಿಕೊಂಡು, 1847ರಲ್ಲಿ ತೀರಿಕೊಂಡರು. ಕನ್ನಡ ನೆಲದ ಮಿಷನ್ನಿನ ಹೆಸರಾಂತ ದೇಶೀಯ ಪಾಲಕ ದಂಡಿನ ತಮಿಳರ ನಡುವೆ ದುಡಿದದ್ದು ಆ ಕಾಲದ ಸಭೆಯ ರಚನೆಯನ್ನು ಚೆನ್ನಾಗಿ ತೋರಿಸುತ್ತದೆ.

ಬಳ್ಳಾರಿಯ ಕನ್ನಡ ಸಭೆ ಸಣ್ಣದಾಗಿಯೇ ಉಳಿಯಿತು. ಅದೇ ಸೊಸೈಟಿ 1822ರಲ್ಲಿ ಕಡಪದಲ್ಲಿ ಆರಂಭಿಸಿದ ತೆಲುಗು ಕಾರ್ಯದ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾಲ ಸಮುದಾಯದವರು ಕುಟುಂಬಕುಟುಂಬವಾಗಿ, ಕೇರಿಕೇರಿಯಾಗಿ ಸಭೆಗೆ ಸೇರಿದ್ದರಿಂದ ಕಡಪ, ಜಮ್ಮಲಮಡುಗು, ಗುತ್ತಿಗಳ ಸುತ್ತ ಹಳ್ಳಿಸಭೆಗಳು ಹಬ್ಬಿದವು. ಮುಂದೆ ಈ ಪ್ರದೇಶದ ಸಭಾ ಆಡಳಿತ ತೆಲುಗಿನಲ್ಲಿ ನಡೆಯಲು ಮುಖ್ಯ ಕಾರಣ ಇದು. ಯಾರದೋ ಪಿತೂರಿಯಲ್ಲ, ಸಂಖ್ಯೆ.

1908ರಲ್ಲಿ ಕಾಂಗ್ರೆಗೇಷನಲ್, ಪ್ರೆಸ್ಬಿಟೇರಿಯನ್ ಸಭೆಗಳು ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲಿನಲ್ಲಿ ಅದು ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳೊಡನೆ ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಆ ದಿನವೇ ಹೊಸ ಬಿಷಪ್ಪರ ಅಭಿಷೇಕ ನಡೆಯಿತು. ಅವರಲ್ಲಿ ಬನಿಯನ್ ಜೋಸೆಫ್ ಅನಂತಪುರ–ಕರ್ನೂಲು ಪ್ರಾಂತಕ್ಕೆ, ಹೊಸಪೇಟೆ ಸುಮಿತ್ರ ಕಡಪ ಪ್ರಾಂತಕ್ಕೆ ನೇಮಕಗೊಂಡರು. ಬಿಷಪ್ಪರನ್ನೇ ಕಾಣದೆ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಸಭೆಗಳ ಮೇಲೆ ಒಂದೇ ದಿನದಲ್ಲಿ ಬಿಷಪ್ಪರು ಬಂದರು. ಹೊಸ ಸಭೆಯ ಸಂವಿಧಾನ ಈ ಅಳುಕನ್ನು ಅರಿತಿತ್ತು. ಬಿಷಪ್ ಪದವಿಯನ್ನು ಐತಿಹಾಸಿಕ ಪರಂಪರೆಯಾಗಿ ಒಪ್ಪಿಕೊಂಡರೂ ಅದನ್ನು ಪ್ರಾಂತ ಮಂಡಲಿ, ಸಿನೆಡ್‌ಗಳ ಕಟ್ಟಳೆಗೆ ಒಳಪಡಿಸಿತು. ಬಿಷಪ್ಪರನ್ನು ಪ್ರಾಂತದ ಒಡೆಯರೆನ್ನದೆ ಪ್ರಾಂತದಲ್ಲಿರುವ ಬಿಷಪ್ಪರು ಎಂದು ಹೆಸರಿಸುವ ರೂಢಿಯೂ ಆಗಿನದೇ. ವಿಭಕ್ತಿಯೊಂದರ ಬದಲಾವಣೆಯಂತೆ ಕಾಣುವ ಇದರಲ್ಲಿ ಹಳೆಯ ಕಾಂಗ್ರೆಗೇಷನಲ್ ಮನಸ್ಸಿನ ಪಟ್ಟು ಇದೆ.

1950ರಲ್ಲಿ ಎರಡೂ ಪ್ರಾಂತಗಳು ಸೇರಿ ರಾಯಲಸೀಮೆ ಪ್ರಾಂತವಾದವು. ಸುಮಿತ್ರ ಅದರ ಮೊದಲ ಬಿಷಪ್ಪರು. 1954ರಿಂದ 1962ರವರೆಗೆ ಇಡೀ ದಕ್ಷಿಣ ಭಾರತ ಸಭೆಯ ಮಾಡರೇಟರ್ ಕೂಡ ಆಗಿದ್ದರು. ತುಂಗಭದ್ರೆಯ ದಡದ ಊರನ್ನು ಹೆಸರಿನೊಂದಿಗೆ ಹೊತ್ತ ವ್ಯಕ್ತಿ ತೆಲುಗು ಪ್ರಾಂತದ ಪೀಠದಲ್ಲಿ ಕುಳಿತದ್ದು ಆ ಸೀಮೆಯ ಹಳೆಯ ದ್ವಿಭಾಷಿಕತೆಗೆ ಸಹಜವೇ. ಅಂದಿನ ಪೀಳಿಗೆಗೆ ಬಳ್ಳಾರಿ–ಕಡಪಗಳು ಒಂದೇ ಮಿಷನ್ನಿನ ಎರಡು ಕೋಣೆಗಳಾಗಿದ್ದವು. ಮೂರು ವರ್ಷದ ಬಳಿಕ ರಾಜ್ಯದ ಗಡಿ ಆ ಮನೆಯ ನಡುವೆ ಗೋಡೆಯೆತ್ತಿತು. ಆಚೆ ಬದಿಯಲ್ಲಿ ಮೈಸೂರು ಪ್ರಾಂತ 1970ರಲ್ಲಿ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಗಿ ಕನ್ನಡ ಸಭೆಗಳಿಗೆ ತಮ್ಮದೇ ಬಿಷಪ್ಪರು ದೊರೆತರು.

ಗಡಿಯ ಪರಿಣಾಮ ತಿಳಿಯಬೇಕಾದರೆ ಕಾಗದಪತ್ರಗಳಿಗಿಂತ ಆರಾಧನೆಯ ಶಬ್ದಗಳನ್ನು ನೋಡಬೇಕು. ಕನ್ನಡದ ‘ಸಭೆ’ ತೆಲುಗಿನಲ್ಲಿ ‘ಸಂಘಮು’. ‘ಸಭಾಪ್ರಾಂತ’ ಅಲ್ಲಿ ‘ಅಧ್ಯಕ್ಷ ಮಂಡಲ’. ‘ಸಭಾಪಾಲಕ’ ಅಲ್ಲಿ ‘ಗುರುವು’. ‘ದೀಕ್ಷಾಸ್ನಾನ’ ‘ಬಾಪ್ತಿಸ್ಮಮು’ ಆಗುತ್ತದೆ, ‘ಪವಿತ್ರಾತ್ಮ’ ‘ಪರಿಶುದ್ಧಾತ್ಮ’, ‘ಪ್ರವಾದಿ’ ‘ಪ್ರವಕ್ತ’. ‘ಸುವಾರ್ತೆ’ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕನ್ನಡ ಮನೆಮಾತಿನವನಿಗೆ ಇವು ತಿಳಿಯದ ಮಾತುಗಳಲ್ಲ. ಆದರೆ ಸ್ಥಿರೀಕರಣದ ದಿನ ಬಿಷಪ್ಪರು ತಲೆಯ ಮೇಲೆ ಕೈಯಿಡುವಾಗ ಕೇಳುವ ಪ್ರಶ್ನೆಗೆ, ತಾಯಿಯಿಂದ ಕಲಿತ ಪ್ರಾರ್ಥನೆಯ ಶಬ್ದದಲ್ಲಿ ಉತ್ತರಿಸುವುದಕ್ಕೂ ಶಾಲೆಯಲ್ಲಿ ಕಲಿತ ಶಬ್ದದಲ್ಲಿ ಉತ್ತರಿಸುವುದಕ್ಕೂ ಅಂತರವಿದೆ. ಕರ್ತನ ಭೋಜನದ ಕ್ರಮವನ್ನು ಸಿನೆಡ್ 1950ರಲ್ಲಿ ಒಪ್ಪಿತು. ಆರಾಧನಾ ಪುಸ್ತಕ 1963ರಲ್ಲಿ ಅಚ್ಚಾಯಿತು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅದು ಇದೆ. ಗಡಿಯ ಸಭೆಯಲ್ಲಿ ಯಾವುದನ್ನು ಕೈಗೆತ್ತಿಕೊಳ್ಳುವುದೆಂಬುದು ಬಹುಮಟ್ಟಿಗೆ ಪ್ರಾಂತ ಕಳುಹಿಸುವ ಪಾಲಕರನ್ನು ಅವಲಂಬಿಸುತ್ತದೆ.

ಆ ಪಾಲಕರ ಶಿಕ್ಷಣವೂ ಭಾಷೆಯಂತೆ ಕವಲೊಡೆದಿದೆ. 1964ರಲ್ಲಿ ರಾಜಮಂಡ್ರಿಯಲ್ಲಿ ಆರಂಭವಾಗಿ ಬಳಿಕ ಹೈದರಾಬಾದಿಗೆ ಹೋದ ಆಂಧ್ರ ಕ್ರಿಶ್ಚಿಯನ್ ಥಿಯಲಾಜಿಕಲ್ ಕಾಲೇಜು ತೆಲುಗು ಸಭೆಗಳಿಗೆ, 1965ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಕನ್ನಡ ಸಭೆಗಳಿಗೆ ಪಾಲಕರನ್ನು ಸಿದ್ಧಗೊಳಿಸಿದವು. ಸರ್ವಜ್ಞನ ವಚನಗಳನ್ನು ಸಂಪಾದಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರಂಥ ಪಾಲಕರನ್ನು ಬೆಳೆಸಿದ ಬಾಸೆಲ್ ಮಿಷನ್ನಿನ ಕನ್ನಡ ಪರಂಪರೆ ಎರಡನೆಯದರ ಹಿಂದಿದೆ. ರಾಯಲಸೀಮೆ ಪ್ರಾಂತದ ಅಭ್ಯರ್ಥಿ ಸಹಜವಾಗಿ ಮೊದಲ ದಾರಿ ಹಿಡಿಯುತ್ತಾನೆ.

ಕ್ಯಾಥೊಲಿಕ್ ಸಭೆ ಇದೇ ಪ್ರಶ್ನೆಯನ್ನು ಬೇರೆ ರೀತಿ ಎದುರಿಸಿತು. 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರ ಮೊದಲು ಗಡಿಯ ಎರಡೂ ಬದಿಗೆ ಹರಡಿತ್ತು. 1967ರಲ್ಲಿ ಕರ್ನೂಲು ಧರ್ಮಕ್ಷೇತ್ರ ಅದರಿಂದ ಬೇರ್ಪಟ್ಟು, ಅಲ್ಲಿಯೂ ರಾಜ್ಯದ ಗಡಿಯೇ ಧರ್ಮದ ಗಡಿಯಾಯಿತು. ಆಂಗ್ಲಿಕನ್ನರ ನಂದ್ಯಾಲ ಮಾತ್ರ ಐಕ್ಯದ ಹೊರಗೇ ನಿಂತು 1975ರಲ್ಲಿ ದಕ್ಷಿಣ ಭಾರತ ಸಭೆಯನ್ನು ಸೇರಿತು. ತಡವಾಗಿ ಬಂದ ಆ ಪ್ರಾಂತವೇ 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ಈ ಸಭೆಯ ಮೊದಲ ಮಹಿಳಾ ಬಿಷಪ್ಪರಾಗಿ ಪಡೆಯಿತು.

ಮಡಕಶಿರಾ ತಾಲ್ಲೂಕು ಬಹುಪಾಲು ಹಳೆಯ ಮೈಸೂರಿನ ನೆಲದಿಂದ ಸುತ್ತುವರಿದಿದೆ. ಅಲ್ಲಿನ ಅಮರಾಪುರ, ರೊಳ್ಳ, ಗುಡಿಬಂಡೆಗಳಿಂದ ಪಾವಗಡ, ಶಿರಾ, ಮಧುಗಿರಿಗಳು ಹತ್ತಿರ. ಪ್ರಾಂತದ ಪೀಠವಿರುವ ಕಡಪ ಬಲುದೂರ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳೂ ಇದೇ ತಾಲ್ಲೂಕಿನಲ್ಲಿವೆ. ರಾಯದುರ್ಗದ ಕಡೆ ಡಿ. ಹಿರೇಹಾಳು ಬಳ್ಳಾರಿಯ ಮಗ್ಗುಲಿನಲ್ಲೇ ಇದೆ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲಿ ಉಳಿಯಿತು. 1882ರಲ್ಲಿ ಬೇರೆಯಾಗಿ 1953ರಲ್ಲಿ ಕೂಡಿದ್ದ ಎರಡೂ ತಾಲ್ಲೂಕುಗಳು ಹೀಗೆ ಮತ್ತೆ ಬೇರೆಬೇರೆ ಕಲೆಕ್ಟರರ ಅಧೀನಕ್ಕೆ ಹೋದವು.