ಧ್ರುವಾಗಾನದ ಬೆಳಕಿನಲ್ಲಿ ವಿಡಿಯೊ ಗೇಮ್: ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳ ಸಂದರ್ಭೌಚಿತ್ಯ

ಸಾರಾಂಶ

ಬಾಖ್, ಬೀಥೋವನ್, ಚೈಕೋವ್‌ಸ್ಕಿ, ಡೆಬ್ಯುಸಿ ಮೊದಲಾದವರ ಕೃತಿಗಳು ನಾಲ್ಕು ದಶಕಗಳಿಂದ ವಿಡಿಯೊ ಗೇಮ್‌ಗಳಲ್ಲಿ ಬಳಕೆಯಾಗುತ್ತಿವೆ. ಇಂಥ ಕೃತಿ ಇಂಥ ಪಾತ್ರಕ್ಕೆ ಒಪ್ಪುತ್ತದೆ ಎಂಬ ತೀರ್ಮಾನ ಹೆಚ್ಚಾಗಿ ಭಾವಸಾಮ್ಯದ ಮೇಲೆ ನಿಂತಿರುತ್ತದೆ. ನಾಟ್ಯಶಾಸ್ತ್ರ ಹೇಳುವ ಐದು ಬಗೆಯ ಧ್ರುವಾಗಾನವನ್ನು ಅಳತೆಗೋಲಾಗಿಟ್ಟುಕೊಂಡು ಆಯ್ದ ಗೇಮ್‌ಗಳನ್ನು ಪರಿಶೀಲಿಸುವ ಈ ಲೇಖನ, ಎರವಲು ತಂದ ಕೃತಿ ಒಪ್ಪುವುದು ಪಾತ್ರದ ಸ್ವಭಾವಕ್ಕಿಂತ ಹೆಚ್ಚಾಗಿ ಸಂದರ್ಭಕ್ಕೆ ಎಂದು ವಾದಿಸುತ್ತದೆ. ಆ ಗಳಿಗೆಯಲ್ಲಿ ಕಾಲ ಯಾರ ಹಿಡಿತದಲ್ಲಿದೆ ಎಂಬುದೇ ಈ ಔಚಿತ್ಯದ ತಳಹದಿ.

1. ಪ್ರಶ್ನೆಯ ಸ್ವರೂಪ

ಸಿನಿಮಾದ ಸಂಗೀತ ನಿರ್ದೇಶಕನಿಗೆ ದೃಶ್ಯದ ಉದ್ದ ಗೊತ್ತಿರುತ್ತದೆ. ನಾಯಕಿ ಬಾಗಿಲು ತೆರೆಯುವುದು ಎಷ್ಟನೇ ಸೆಕೆಂಡಿಗೆ ಎಂಬ ಲೆಕ್ಕ ಅವನ ಮುಂದಿದೆ. ಹಳೆಯ ಕೃತಿಯೊಂದನ್ನು ಆರಿಸಿಕೊಂಡರೂ ಅದರ ಏರಿಳಿತಕ್ಕೆ ತಕ್ಕಂತೆ ಚಿತ್ರವನ್ನು ಕತ್ತರಿಸಿ ಜೋಡಿಸಬಹುದು. ಗೇಮಿನಲ್ಲಿ ಈ ಅನುಕೂಲವಿಲ್ಲ. ಅದೇ ಬಾಗಿಲ ಮುಂದೆ ಒಬ್ಬ ಆಟಗಾರ ಕ್ಷಣಮಾತ್ರ ನಿಲ್ಲುತ್ತಾನೆ, ಇನ್ನೊಬ್ಬ ಹತ್ತು ನಿಮಿಷ ಅಡ್ಡಾಡುತ್ತಾನೆ, ಮತ್ತೊಬ್ಬ ಬಾಗಿಲಿದೆಯೆಂದು ಗಮನಿಸುವುದೇ ಇಲ್ಲ. ಸೊನಾಟಾ, ಫ್ಯೂಗ್, ವಾಲ್ಟ್ಸ್‌ಗಳಿಗಾದರೋ ಬರೆದವರು ನಿಗದಿಮಾಡಿದ ಆದಿ, ಮಧ್ಯ, ಅಂತ್ಯಗಳಿವೆ. ಕಾಲ ಕಟ್ಟಿಹಾಕಿದ ಕೃತಿಯನ್ನು ಕಾಲ ಸಡಿಲವಾಗಿರುವ ಆಟದೊಳಗೆ ಕೂರಿಸುವುದು ಹೇಗೆ ಎಂಬುದು ಇಲ್ಲಿನ ಮೂಲ ಪ್ರಶ್ನೆ.

ಈ ಕ್ಷೇತ್ರದಲ್ಲಿ ಗಟ್ಟಿ ಅಧ್ಯಯನಗಳು ಆಗಲೇ ಬಂದಿವೆ. ಕ್ಯಾರನ್ ಕಾಲಿನ್ಸ್ ಅವರ ‘ಗೇಮ್ ಸೌಂಡ್’ (2008) ಗೇಮ್ ಧ್ವನಿಯ ಇತಿಹಾಸವನ್ನೂ ತಂತ್ರವನ್ನೂ ಒಟ್ಟಿಗೆ ಕಟ್ಟಿಕೊಟ್ಟಿತು. ವಿಲಿಯಂ ಗಿಬ್ಬನ್ಸ್ ಅವರ ‘ಅನ್‌ಲಿಮಿಟೆಡ್ ರೀಪ್ಲೇಸ್’ (2018) ಶಾಸ್ತ್ರೀಯ ಸಂಗೀತ ಮತ್ತು ಗೇಮ್‌ಗಳ ನಂಟನ್ನೇ ವಸ್ತುವಾಗಿಸಿಕೊಂಡು, ಉನ್ನತವೆನಿಸಿಕೊಂಡ ಕಲೆಗೂ ಜನಪ್ರಿಯ ಮನರಂಜನೆಗೂ ನಡುವಣ ತಿಕ್ಕಾಟವನ್ನು ಚರ್ಚಿಸಿತು. ‘ಸಿವಿಲೈಸೇಶನ್ 4’ (2005) ಗೇಮಿನಲ್ಲಿ ಯುಗ ಬದಲಾದಂತೆ ಸಂಗೀತವೂ ಬದಲಾಗುವ ಕ್ರಮದ ಹಿಂದಿರುವ ಪ್ರಗತಿಯ ಕಲ್ಪನೆಯನ್ನು ಕ್ಯಾರನ್ ಕುಕ್ ಪರಿಶೀಲಿಸಿದ್ದಾರೆ. ಈ ಅಧ್ಯಯನಗಳು ಮುಖ್ಯವಾಗಿ ಕೃತಿಯ ಸಾಂಸ್ಕೃತಿಕ ಅರ್ಥದತ್ತ ಕಣ್ಣಿಟ್ಟಿವೆ. ಪ್ರಸ್ತುತ ಲೇಖನದ ಆಸಕ್ತಿ ಕೃತಿ ಮಾಡುವ ಕೆಲಸದಲ್ಲಿದೆ.

2. ಕೃತಿಗಳು ಗೇಮಿಗೆ ಬಂದ ದಾರಿ

ಶಾಸ್ತ್ರೀಯ ಕೃತಿಗಳು ಗೇಮಿಗೆ ಬಂದದ್ದು ಸೌಂದರ್ಯದ ಕಾರಣಕ್ಕಷ್ಟೇ ಅಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗೆ ಹಣ ಕೊಡಬೇಕಾಗಿಲ್ಲ, ಅನುಮತಿಗೆ ಕಾಯಬೇಕಾಗಿಲ್ಲ. ‘ಲೆಮ್ಮಿಂಗ್ಸ್’ (1991) ಗೇಮಿನಲ್ಲಿ ಆಫೆನ್‌ಬಾಖ್‌ನ ಕ್ಯಾನ್‌ಕ್ಯಾನ್ ಕೇಳಿಬರಲು ಇದೂ ಒಂದು ಕಾರಣ. ಯಂತ್ರದ ಮಿತಿಯೂ ಜೊತೆಗೂಡಿತು. ಕಮೊಡೋರ್ 64ರ ಧ್ವನಿ ಚಿಪ್ ಏಕಕಾಲಕ್ಕೆ ಮೂರು ಸ್ವರಗಳನ್ನಷ್ಟೇ ನುಡಿಸಬಲ್ಲದು. ಎರಡು ಮೂರು ಎಳೆಗಳನ್ನು ಹೆಣೆದು ಕಟ್ಟುವ ಬರೋಕ್ ಕಾಲದ ಸಂಗೀತಕ್ಕೆ ಇಂಥ ಯಂತ್ರಗಳಲ್ಲಿ ಹೆಚ್ಚು ನಷ್ಟವಾಗಲಿಲ್ಲ. ಗೇಮ್ ಬಾಯ್ ಯಂತ್ರದ ‘ಟೆಟ್ರಿಸ್’ನಲ್ಲಿ (1989) ಆಟ ಶುರುವಾಗುವ ಮುನ್ನ ಮೂರು ಸಂಗೀತಗಳ ಆಯ್ಕೆಯಿದೆ. ಅವುಗಳಲ್ಲಿ ಮೂರನೆಯದು ಬಾಖ್‌ನ ಮೂರನೇ ಫ್ರೆಂಚ್ ಸ್ವೀಟ್‌ನ ಮಿನುಯೆಟ್. ಅಂಗೈಯಗಲದ ಪೆಟ್ಟಿಗೆಯಲ್ಲೂ ಅದರ ಎಳೆಗಳು ಬಿಡಿಬಿಡಿಯಾಗಿ ಕೇಳುತ್ತವೆ.

ಆದರೆ ಕೃತಿ ಒಳಗೆ ಬರಲು ಅನುಕೂಲವಾಗಿದ್ದ ಕಾರಣಗಳು ಅದು ಎಲ್ಲಿ ಕೂರಬೇಕೆಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆಯದೇ ವರ್ಗೀಕರಣ ಬೇಕು.

3. ಐದು ಧ್ರುವಗಳು

ನಾಟ್ಯಶಾಸ್ತ್ರದ 32ನೇ ಅಧ್ಯಾಯ ರಂಗದ ಮೇಲಿನ ಹಾಡುಗಳನ್ನು, ಅಂದರೆ ಧ್ರುವಗಳನ್ನು, ವಿವರಿಸುತ್ತದೆ. ಅಲ್ಲಿಯ ಒಂದು ಮುಖ್ಯ ವಿಂಗಡಣೆ ಹಾಡು ಪ್ರಯೋಗದಲ್ಲಿ ಮಾಡುವ ಕೆಲಸವನ್ನು ಹಿಡಿದು ಹೊರಡುತ್ತದೆ. ಪಾತ್ರ ರಂಗಕ್ಕೆ ಬರುವಾಗ ಪ್ರಾವೇಶಿಕೀ, ನಿರ್ಗಮಿಸುವಾಗ ನೈಷ್ಕ್ರಾಮಿಕೀ. ನಡೆಯುತ್ತಿರುವ ಭಾವವನ್ನು ಮುರಿದು ಬೇರೊಂದನ್ನು ಎಳೆದುತರುವುದು ಆಕ್ಷೇಪಿಕೀ. ಕದಡಿದ ಪ್ರೇಕ್ಷಕರ ಮನಸ್ಸನ್ನು ತಿಳಿಗೊಳಿಸುವುದು ಪ್ರಾಸಾದಿಕೀ. ಪಾತ್ರಧಾರಿ ಬಳಲಿದಾಗ, ಮೂರ್ಛೆಹೋದಾಗ, ಉಡುಗೆ ತೊಡುಗೆ ಸರಿಪಡಿಸಿಕೊಳ್ಳುವಾಗ ಬೀಳುವ ತೆರಪನ್ನು ತುಂಬುವುದು ಆಂತರಾ.

ನಾಟ್ಯಶಾಸ್ತ್ರಕಾರ ಭರತನಲ್ಲಿ ರಸದ ಗಣನೆ ಇದ್ದೇ ಇದೆ. ಆದರೆ ಈ ವಿಂಗಡಣೆಯಲ್ಲಿ ಮೊದಲು ಏಳುವ ಪ್ರಶ್ನೆ, ಹಾಡು ಈಗ ಯಾಕೆ ಬೇಕು ಎಂಬುದು. ಆ ಪ್ರಶ್ನೆಯನ್ನು ಗೇಮ್‌ಗಳಿಗೂ ಕೇಳಿದರೆ ಚದುರಿದ ಉದಾಹರಣೆಗಳು ಒಂದು ಕ್ರಮಕ್ಕೆ ಬರುತ್ತವೆ.

4. ತೆರಪು, ತಿಳಿ, ನಿರ್ಗಮನ

ಎರವಲು ಕೃತಿಗಳು ಅತ್ಯಂತ ಸಲೀಸಾಗಿ ಕೂರುವುದು ಈ ಮೂರು ಕಡೆ. ಡೇವಿಡ್ ಬ್ರೇಬೆನ್ ಮತ್ತು ಇಯನ್ ಬೆಲ್ ರಚಿಸಿದ ‘ಎಲೀಟ್’ (1984) ಬಾಹ್ಯಾಕಾಶ ವ್ಯಾಪಾರದ ಆಟ. ಅದರಲ್ಲಿ ಅತಿ ಫಜೀತಿಯ ಕೆಲಸವೆಂದರೆ ನಿಲ್ದಾಣದೊಳಗೆ ನೌಕೆಯನ್ನು ಸೇರಿಸುವುದು. ನಿಲ್ದಾಣ ತನ್ನ ಅಕ್ಷದ ಮೇಲೆ ತಿರುಗುತ್ತಿರುತ್ತದೆ. ಅದರ ಮುಖದಲ್ಲಿರುವ ಸೀಳಿಗೆ ಸರಿಯಾಗಿ ನೌಕೆಯನ್ನೂ ತಿರುಗಿಸುತ್ತ ನುಗ್ಗಬೇಕು, ತಪ್ಪಿದರೆ ನೌಕೆ ನುಚ್ಚುನೂರು. ಸಾಕಷ್ಟು ಹಣ ಕೂಡಿದ ಮೇಲೆ ಈ ಕೆಲಸವನ್ನು ತಾನೇ ಮಾಡುವ ಕಂಪ್ಯೂಟರೊಂದನ್ನು ಕೊಳ್ಳಬಹುದು. ಕಮೊಡೋರ್ 64ರ ಆವೃತ್ತಿಯಲ್ಲಿ ಅದನ್ನು ಚಾಲೂ ಮಾಡಿದರೆ ಯೋಹಾನ್ ಸ್ಟ್ರೌಸ್‌ನ ‘ಬ್ಲೂ ಡ್ಯಾನ್ಯೂಬ್’ ವಾಲ್ಟ್ಸ್ ಮೊಳಗುತ್ತದೆ. ಸ್ಟ್ಯಾನ್ಲಿ ಕ್ಯೂಬ್ರಿಕ್‌ನ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ನೆನಪು ಇಲ್ಲಿ ಸ್ಪಷ್ಟ. ಆದರೆ ಜೋಡಣೆ ಗಟ್ಟಿಯಾಗಿರುವುದು ಆ ನೆನಪೊಂದರಿಂದಲೇ ಅಲ್ಲ. ಆಟಗಾರನ ಕೈ ಈಗ ಬಿಡುವಾಗಿದೆ. ಮೂರು ಮಾತ್ರೆಯ ವಾಲ್ಟ್ಸ್ ಸುತ್ತುವ ನಡೆಯದ್ದು, ಪರದೆಯ ಮೇಲಿನ ಚಲನೆಯೂ ಸುತ್ತುವುದೇ. ಇದು ಆಂತರಾ ಧ್ರುವದ ಶುದ್ಧ ಮಾದರಿ.

ಪ್ರಾಸಾದಿಕೀಗೆ ಶಿಂಜಿ ಮಿಕಾಮಿ ನಿರ್ದೇಶಿಸಿದ ‘ದಿ ಈವಿಲ್ ವಿದಿನ್’ (2014) ಒಳ್ಳೆಯ ನಿದರ್ಶನ. ರಕ್ತಸಿಕ್ತ ಕಾರಿಡಾರುಗಳ ನಡುವೆ ಎಲ್ಲೋ ದೂರದಲ್ಲಿ ಡೆಬ್ಯುಸಿಯ ‘ಕ್ಲೇರ್ ದ ಲೂನ್’ ಕೇಳತೊಡಗಿದರೆ ಸುರಕ್ಷಿತ ತಾಣಕ್ಕೆ ಒಯ್ಯುವ ಕನ್ನಡಿ ಹತ್ತಿರದಲ್ಲಿದೆ ಎಂದರ್ಥ. ಕೃತಿ ಇಲ್ಲಿ ಸಮಾಧಾನವನ್ನೂ ಕೊಡುತ್ತದೆ, ದಾರಿಯನ್ನೂ ತೋರಿಸುತ್ತದೆ. ಆಡುವವರು ಸದ್ದಿನ ಜಾಡು ಹಿಡಿದು ನಡೆಯುತ್ತಾರೆ.

ನೈಷ್ಕ್ರಾಮಿಕೀಯ ನಿದರ್ಶನ ‘ಪೆಗಲ್’ (2007). ಗೂಟಗಳಿಗೆ ಚೆಂಡು ಬಡಿಸಿ ಅವನ್ನು ತೆರವುಗೊಳಿಸುವ ಸರಳ ಆಟ ಅದು. ಪ್ರತಿ ಹಂತದಲ್ಲೂ 25 ಕಿತ್ತಳೆ ಬಣ್ಣದ ಗೂಟಗಳಿವೆ. ಕೊನೆಯ ಗೂಟದ ಹತ್ತಿರ ಚೆಂಡು ಬಂದೊಡನೆ ಚಿತ್ರ ಹಿಗ್ಗುತ್ತದೆ, ವೇಗ ಕುಗ್ಗುತ್ತದೆ, ಡ್ರಮ್ಮಿನ ಸದ್ದು ಗುಡುಗುತ್ತದೆ. ಚೆಂಡು ತಾಗಿತೋ, ಬೀಥೋವನ್‌ನ ಒಂಬತ್ತನೇ ಸಿಂಫನಿಯ ‘ಓಡ್ ಟು ಜಾಯ್’ ಸಿಡಿಯುತ್ತದೆ. 1824ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿದ ಮಹಾಕೃತಿಗೂ ಈ ಪುಟ್ಟ ಗೆಲುವಿಗೂ ಇರುವ ಅಂತರದಲ್ಲಿ ಹಾಸ್ಯವಿದೆ, ನಿಜ. ಆದರೆ ರಚನೆಯನ್ನು ನೋಡಿ: ಆಟ ತಾನೇ ಕಾಲವನ್ನು ನಿಧಾನಗೊಳಿಸಿ, ಆಟಗಾರನ ಕೈಯಿಂದ ಅದನ್ನು ತೆಗೆದುಕೊಂಡು, ಆಮೇಲೆ ಬೀಥೋವನ್‌ಗೆ ಒಪ್ಪಿಸುತ್ತದೆ.

5. ಪಾತ್ರಕ್ಕೆ ಹೊಸದು, ಸಂದರ್ಭಕ್ಕೆ ಎರವಲು

ಪ್ರಾವೇಶಿಕೀಯಲ್ಲಿ ಚಿತ್ರ ಬದಲಾಗುತ್ತದೆ. ಪಾತ್ರವೊಂದರ ಗುರುತಿನ ಸಂಗೀತ ಆ ಪಾತ್ರಕ್ಕೆ ಮಾತ್ರ ಸೇರಿರಬೇಕು. ಪ್ರಸಿದ್ಧ ಕೃತಿಯಾದರೋ ಬೇರೆ ನೆನಪುಗಳ ಹೊರೆ ಹೊತ್ತೇ ಬರುತ್ತದೆ. ಬಾಖ್‌ನ ಹೆಸರಿನಲ್ಲಿರುವ ಡಿ ಮೈನರ್ ಟೊಕಾಟಾ ಮತ್ತು ಫ್ಯೂಗನ್ನು 1931ರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರವೇ ಬಳಸಿಕೊಂಡಿತ್ತು. ಕೊನಾಮಿ ಕಂಪನಿಯ ‘ಜೈರಸ್’ (1983) ಆರ್ಕೇಡ್ ಗೇಮಿಗೆ ಅದು ಬರುವ ಹೊತ್ತಿಗೆ ಕೃತಿ ಭಯಾನಕದ ಸಿದ್ಧ ಮುದ್ರೆಯಾಗಿಬಿಟ್ಟಿತ್ತು. ಇಂಥ ಮುದ್ರೆ ಯಾವ ಖಳನಿಗಾದರೂ ಸಲ್ಲುತ್ತದೆ. ಆದ್ದರಿಂದಲೇ ಒಬ್ಬ ಖಳನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ತೋರಿಸಲು ಅದು ಸಾಲದು.

ಗೇಮ್ ಸಂಗೀತಕಾರ ನೊಬುವೊ ಉಯೆಮಾತ್ಸು ಹಿಡಿದ ದಾರಿ ಇದನ್ನು ಸಮರ್ಥಿಸುತ್ತದೆ. ‘ಫೈನಲ್ ಫ್ಯಾಂಟಸಿ 6’ರ (1994) ಖಳ ಕೆಫ್ಕಾನ ಅಂತಿಮ ಕಾಳಗಕ್ಕೆ ಅವರು ಆರ್ಗನ್ ಸಂಗೀತದ ಪರಂಪರೆಯನ್ನು ನೆನಪಿಸುವ ‘ಡಾನ್ಸಿಂಗ್ ಮ್ಯಾಡ್’ ಎಂಬ ನಾಲ್ಕು ಭಾಗಗಳ ಕೃತಿಯನ್ನು ಹೊಸದಾಗಿ ರಚಿಸಿದರು. ‘ಫೈನಲ್ ಫ್ಯಾಂಟಸಿ 7’ರ (1997) ಸೆಫಿರಾತ್‌ಗೆ ಲ್ಯಾಟಿನ್ ಸಮೂಹಗಾನವಿರುವ ಬೇರೆಯೇ ಕೃತಿ ಕಟ್ಟಿದರು. ಶೈಲಿ ಪರಂಪರೆಯದು, ಸ್ವರಗಳು ಪಾತ್ರದವು.

‘ಬಯೋಶಾಕ್’ (2007) ಈ ಎರಡೂ ಬಗೆಯನ್ನು ಒಬ್ಬನೇ ವ್ಯಕ್ತಿಯ ಸುತ್ತ ಇಟ್ಟಿದೆ. ಕಥೆ ನಡೆಯುವ ಸಮುದ್ರದಡಿಯ ನಗರದಲ್ಲಿರುವ ಫೋರ್ಟ್ ಫ್ರಾಲಿಕ್ ಎಂಬ ಮನರಂಜನಾ ಕೇಂದ್ರದ ಒಡೆಯ ಸ್ಯಾಂಡರ್ ಕೋಹೆನ್ ತಲೆಕೆಟ್ಟ ಕಲಾವಿದ. ಅವನು ತನ್ನ ಮಹಾಕೃತಿಯೆಂದು ಬೀಗುವ ಪಿಯಾನೊ ರಚನೆಯನ್ನು ಗೇಮಿನ ಸಂಗೀತಕಾರ ಗ್ಯಾರಿ ಶೈಮನ್ ಅವನಿಗೆಂದೇ ಬರೆದರು. ಅದು ಬೇರೆ ಯಾರಿಗೂ ಸಲ್ಲದು. ಅದೇ ಕೋಹೆನ್ ರೊಚ್ಚಿಗೆದ್ದು ಆಟಗಾರನ ಮೇಲೆ ಕೊಲೆಗಡುಕರನ್ನು ಛೂ ಬಿಡುವಾಗ ಕೇಳುವುದು ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಬ್ಯಾಲೆಯ (1892) ‘ವಾಲ್ಟ್ಸ್ ಆಫ್ ದಿ ಫ್ಲವರ್ಸ್’. ಗುಂಡಿನ ಸದ್ದು, ಚೀತ್ಕಾರಗಳ ನಡುವೆ ವಾಲ್ಟ್ಸ್ ತನ್ನ ಪಾಡಿಗೆ ತಾನು ಸುತ್ತುತ್ತದೆ. ಕೃತಿ ಕೋಹೆನ್‌ನ ಗುಣವನ್ನು ಬಣ್ಣಿಸುವುದಕ್ಕಿಂತ ಹೆಚ್ಚಾಗಿ ಗಳಿಗೆಯನ್ನು ಮುರಿಯುತ್ತದೆ. ಭಾವಸಾಮ್ಯದ ಅಳತೆಯಲ್ಲಿ ಇದು ಅನೌಚಿತ್ಯ, ಆಕ್ಷೇಪಿಕೀಯ ಅಳತೆಯಲ್ಲಿ ಸಂಪೂರ್ಣ ಉಚಿತ.

ಅಪವಾದದಂತೆ ಕಾಣುವ ಒಂದು ಸಂದರ್ಭ ಮಿಕಾಮಿಯವರದೇ ‘ರೆಸಿಡೆಂಟ್ ಈವಿಲ್’ನಲ್ಲಿದೆ (1996). ಬಂಗಲೆಯ ಪಿಯಾನೊ ಮೇಲೆ ಬೀಥೋವನ್‌ನ ‘ಮೂನ್‌ಲೈಟ್ ಸೊನಾಟಾ’ (1801) ನುಡಿಸಿದರೆ ಗುಪ್ತ ಗೋಡೆ ಸರಿಯುತ್ತದೆ. ಜಿಲ್ ಪಾತ್ರವನ್ನು ಆರಿಸಿಕೊಂಡವರಿಗೆ ಇದು ಕಷ್ಟವಲ್ಲ, ಅವಳಿಗೆ ನುಡಿಸಲು ಬರುತ್ತದೆ. ಇನ್ನೊಂದು ಆಯ್ಕೆಯಾದ ಕ್ರಿಸ್‌ಗೆ ಬರುವುದಿಲ್ಲ. ಅವನ ಕಥೆಯಲ್ಲಿ ಜೊತೆಗಾತಿ ರೆಬೆಕಾ ಪಿಯಾನೊ ಮುಂದೆ ಕುಳಿತು ತಡವರಿಸುತ್ತ ಅಭ್ಯಾಸ ಮಾಡುತ್ತಾಳೆ, ಕ್ರಿಸ್ ಬೇರೆಡೆ ಹೋಗಿ ಮರಳಬೇಕು. ಕೃತಿ ಇವರಲ್ಲಿ ಯಾರ ಗುರುತಿನ ಸಂಗೀತವೂ ಅಲ್ಲ, ಆದರೂ ಮೂವರ ಅಂತರವನ್ನು ತೋರಿಸುತ್ತದೆ. ಎಲ್ಲರಿಗೂ ಪರಿಚಿತವಾದ ಕೃತಿಯಾದ್ದರಿಂದಲೇ ತಡವರಿಕೆ ಕಿವಿಗೆ ತಟ್ಟನೆ ತಿಳಿಯುತ್ತದೆ. ಹೊಸ ರಚನೆಯಿಂದ ಈ ಕೆಲಸ ಆಗದು.

6. ಕಾಲ ಆಟಗಾರನ ಕೈಯಲ್ಲಿದ್ದಾಗ

ಧ್ರುವಗಳ ಚೌಕಟ್ಟಿಗೆ ಒಂದು ಮಿತಿಯಿದೆ. ನಾಟ್ಯದಲ್ಲಿ ಪ್ರವೇಶ ನಿರ್ಗಮನಗಳ ಕ್ರಮ ವಾದ್ಯವೃಂದಕ್ಕೆ ಮೊದಲೇ ತಿಳಿದಿರುತ್ತದೆ. ಗೇಮಿನಲ್ಲಿ ಮುಂದಿನ ಗಳಿಗೆಯನ್ನು ಯಾರೂ ಬಲ್ಲವರಿಲ್ಲ. ಫ್ರೆಡೆರಿಕ್ ಶೋಪ್ಯಾನ್‌ನನ್ನೇ ಆಡಬಲ್ಲ ಪಾತ್ರವಾಗಿಸಿದ ‘ಎಟರ್ನಲ್ ಸೊನಾಟಾ’ (2007) ಈ ತೊಡಕನ್ನು ಬದಿಗೆ ಸರಿಸಿ ಸಾಗುತ್ತದೆ. ಸ್ಟಾನಿಸ್ಲಾವ್ ಬುನಿನ್ ನುಡಿಸಿದ ಶೋಪ್ಯಾನ್ ಕೃತಿಗಳು ಮುಖ್ಯವಾಗಿ ಕೇಳುವುದು ಅವನ ಬದುಕನ್ನು ನಿರೂಪಿಸುವ, ಆಟಗಾರ ಸುಮ್ಮನೆ ನೋಡುವ ಭಾಗಗಳಲ್ಲಿ. ಕಾಳಗಗಳಿಗೆ ಮೊತೊಯಿ ಸಾಕುರಾಬಾ ಅವರ ಹೊಸ ಸಂಗೀತವಿದೆ. ಸಂಗೀತಕಾರನೇ ಪಾತ್ರವಾದಾಗಲೂ ಅವನ ಕೃತಿ ನೆಲೆ ಕಂಡುಕೊಂಡದ್ದು ತೆರಪಿನಲ್ಲೇ.

ತೊಡಕನ್ನು ಎದುರಿಸುವ ಸರಳ ಉಪಾಯ ಲಯ ಬದಲಾವಣೆ. ನಿಂಟೆಂಡೊ ಕಂಪನಿಯ ಎನ್‌ಇಎಸ್ ಯಂತ್ರದ ‘ಟೆಟ್ರಿಸ್’ನಲ್ಲಿ ‘ನಟ್‌ಕ್ರ್ಯಾಕರ್’ನ ‘ಶುಗರ್ ಪ್ಲಮ್ ಫೇರಿ’ ನೃತ್ಯ ಒಂದು ಆಯ್ಕೆ. ಇಟ್ಟಿಗೆಗಳ ರಾಶಿ ಮೇಲಂಚಿಗೆ ಹತ್ತಿರವಾದಂತೆ ಅದೇ ಸಂಗೀತ ದ್ರುತಕ್ಕೇರುತ್ತದೆ.

ಇದಕ್ಕಿಂತ ಬಹಳ ಮುಂದೆ ಹೋದದ್ದು ಮೆಲ್ಬರ್ನಿನ ಹೌಸ್ ಹೌಸ್ ತಂಡದ ‘ಅನ್‌ಟೈಟಲ್ಡ್ ಗೂಸ್ ಗೇಮ್’ (2019). ಆಟಗಾರ ಇಲ್ಲಿ ಹಳ್ಳಿಯವರಿಗೆ ಕಾಟ ಕೊಡುವ ಹೆಬ್ಬಾತು. ಸಂಗೀತ ಡೆಬ್ಯುಸಿಯ ಪಿಯಾನೊ ಪ್ರಿಲ್ಯೂಡ್‌ಗಳದು, ಅಳವಡಿಸಿದವರು ಡ್ಯಾನ್ ಗೋಲ್ಡಿಂಗ್. ಪ್ರತಿ ಪ್ರಿಲ್ಯೂಡನ್ನು ಎರಡು ಬಗೆಯಲ್ಲಿ ಧ್ವನಿಮುದ್ರಿಸಲಾಯಿತು, ಒಂದು ಪೂರ್ಣ ಹುರುಪಿನದು, ಇನ್ನೊಂದು ತಗ್ಗಿಸಿದ ದನಿಯದು. ಬಳಿಕ ಎರಡನ್ನೂ ಒಂದೆರಡು ಮಾತ್ರೆಗಳ ನೂರಾರು ತುಣುಕುಗಳಾಗಿ ಕತ್ತರಿಸಲಾಯಿತು. ಪ್ರತಿ ತುಣುಕಿನ ಕೊನೆಯಲ್ಲೂ ಆಟ ತೀರ್ಮಾನಿಸುತ್ತದೆ: ಮುಂದಿನದು ಹುರುಪಿನದೋ, ತಗ್ಗಿದ್ದೋ, ಅಥವಾ ಮೌನವೋ. ಹೆಬ್ಬಾತು ತೋಟಗಾರನ ಬೆನ್ನ ಹಿಂದೆ ಹೊಂಚುಹಾಕುವಾಗ ‘ಮಿನ್‌ಸ್ಟ್ರೆಲ್ಸ್’ ಪ್ರಿಲ್ಯೂಡಿನ ನಾಲ್ಕು ಸ್ವರ ಕೇಳಿ ನಿಲ್ಲುತ್ತದೆ. ಕೀಲಿಕೈ ಕಸಿದು ಓಡಿದೊಡನೆ ಕೃತಿ ನಿಂತಲ್ಲಿಂದಲೇ ಭರದಿಂದ ಮುಂದುವರಿಯುತ್ತದೆ.

ಡೆಬ್ಯುಸಿಯ ಈ ಪ್ರಿಲ್ಯೂಡ್ ಇದಕ್ಕೆ ಒಗ್ಗಿದ್ದು ಆಕಸ್ಮಿಕವಲ್ಲ. ತಟ್ಟನೆ ನಿಲ್ಲುವುದು, ಚುಡಾಯಿಸುವುದು, ಮತ್ತೊಂದು ಮಾತಿಗೆ ಹಾರುವುದು ಅದರ ಬರವಣಿಗೆಯಲ್ಲೇ ಇದೆ. ಮೌನವನ್ನು ಎಲ್ಲಿ ತುರುಕಿದರೂ ಅದು ಡೆಬ್ಯುಸಿಯದೇ ಎನ್ನಿಸುತ್ತದೆ. ಅದೇ ಶಸ್ತ್ರಕ್ರಿಯೆಯನ್ನು ಎಳೆಗಳು ಒಂದನ್ನೊಂದು ಅಟ್ಟುವ ಫ್ಯೂಗಿನ ಮೇಲೆ ಮಾಡಿದರೆ ಹೆಣಿಗೆಯೇ ಬಿಚ್ಚಿಹೋಗುತ್ತದೆ.

7. ಸಮಾರೋಪ

ಈ ಪರಿಶೀಲನೆಯಿಂದ ಮೂರು ಮಾತು ಹೇಳಬಹುದು. ಒಂದು, ಪಾತ್ರದ ಗುರುತಿಗೆ ಪರಂಪರೆಯ ಶೈಲಿಯ ಹೊಸ ರಚನೆ, ಸಂದರ್ಭದ ಕೆಲಸಕ್ಕೆ ಪ್ರಸಿದ್ಧ ಕೃತಿ ಎಂಬ ವಿಭಜನೆ ಈ ಗೇಮ್‌ಗಳಲ್ಲಿ ಕಾಣುತ್ತದೆ. ಎರಡು, ಅಖಂಡ ಕೃತಿ ಸಲೀಸಾಗಿ ಕೂರುವುದು ಆಟಗಾರನ ಕೈ ಬಿಡುವಾದಾಗ ಅಥವಾ ಆಟವೇ ಕಾಲವನ್ನು ವಶಕ್ಕೆ ತೆಗೆದುಕೊಂಡಾಗ. ಅದನ್ನು ಮೀರಿ ಬಳಸಿದಾಗ, ‘ಬಯೋಶಾಕ್’ನಲ್ಲಿ ಆದಂತೆ, ಆ ಘರ್ಷಣೆಯೇ ಅರ್ಥವಾಗುತ್ತದೆ. ಮೂರು, ಆಟಗಾರನ ನಡೆಯನ್ನು ಹಿಂಬಾಲಿಸಬೇಕಾದ ಕೃತಿಗೆ ಭಾವಕ್ಕಿಂತ ಮೊದಲು ಬೇಕಾದದ್ದು ಕತ್ತರಿಸಲು ಒಪ್ಪುವ ರಚನೆ.

ಈ ಮೂರನೆಯ ಮಾತು ನಮ್ಮ ಸಂಗೀತಕ್ಕೂ ಅನ್ವಯಿಸುತ್ತದೆ. ಕರ್ನಾಟಕ ಸಂಗೀತದ ಕೃತಿಯಲ್ಲಿ ಅನುಪಲ್ಲವಿ, ಚರಣಗಳು ಮುಗಿದಾಗಲೆಲ್ಲ ಹಾಡು ಪಲ್ಲವಿಗೆ ಮರಳುತ್ತದೆ. ಒಂದೇ ಸಾಲು ಸಂಗತಿಗಳಲ್ಲಿ ಹಂತಹಂತವಾಗಿ ಬೆಳೆಯುತ್ತದೆ. ಕಲ್ಪನಾಸ್ವರ ಎಷ್ಟು ಆವರ್ತ ಹರಿದರೂ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರಬೇಕು. ಉದ್ದವನ್ನು ಮೊದಲೇ ಗೊತ್ತುಮಾಡದೆ, ಸೇರುವ ಜಾಗವನ್ನು ಮಾತ್ರ ಗೊತ್ತುಮಾಡುವ ಈ ಕ್ರಮ ಗೇಮಿನ ಕಾಲಕ್ಕೆ ಸೊನಾಟಾಗಿಂತ ಹತ್ತಿರದ್ದು. ಗೇಮ್ ರಚಿಸುವವರು ಕೃತಿಯೊಂದನ್ನು ಆರಿಸುವಾಗ ರಾಗದ ರಸವನ್ನಷ್ಟೇ ನೋಡದೆ ಇಂಥ ಮರಳುವ ಜಾಗಗಳನ್ನು ಮೊದಲು ಎಣಿಸಿಕೊಂಡರೆ, ಒಪ್ಪುವ ಕೃತಿಗಳ ಪಟ್ಟಿಯೇ ಬೇರೆಯಾಗುತ್ತದೆ.